ಪಾಸ್‌ಪೋರ್ಟ್ ಮತ್ತು ಹಣ ಏಜೆಂಟರ ಕೈಗಿಡುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ವಿದೇಶದಲ್ಲಿ ಓದಲು ಅಥವಾ ದುಡಿಯಲು ಹೊರಟು, ವೀಸಾಕ್ಕಾಗಿ ಏಜೆಂಟರನ್ನು ನಂಬಿದವರಿಂದ ನಮಗೆ ಸತತವಾಗಿ ಪತ್ರಗಳು ಬರುತ್ತಿವೆ. ಅವುಗಳಲ್ಲಿ ಆರನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಪತ್ರ ಬರೆದವರ ಮತ್ತು ಅವರು ಪ್ರಸ್ತಾಪಿಸಿರುವ ಸಂಸ್ಥೆಗಳ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನನ್ನ ಮಗಳು ಕಳೆದ ವರ್ಷ ಎಂಜಿನಿಯರಿಂಗ್ ಮುಗಿಸಿದ್ದಾಳೆ. ಕೆನಡಾದಲ್ಲಿ ಮುಂದಿನ ಓದು ಓದಬೇಕೆಂಬುದು ಅವಳ ಆಸೆ. ನಮ್ಮ ಊರಿನಲ್ಲೇ ಕಚೇರಿ ತೆರೆದಿರುವ ಕನ್ಸಲ್ಟೆನ್ಸಿಯವರು ಎಲ್ಲ ಸೇರಿ ಮೂರೂವರೆ ಲಕ್ಷ ರೂಪಾಯಿ ಕೇಳಿದ್ದಾರೆ. ಎಸ್‌ಡಿಎಸ್ ವಿಭಾಗದಲ್ಲಿ ಅರ್ಜಿ ಹಾಕಿ ಇಪ್ಪತ್ತು ದಿನಗಳಲ್ಲಿ ವೀಸಾ ಕೊಡಿಸುತ್ತೇವೆ, ನೂರಕ್ಕೆ ನೂರು ಗ್ಯಾರಂಟಿ ಎನ್ನುತ್ತಾರೆ. ಎರಡು ವರ್ಷಗಳ ಹಿಂದೆ ಅವಳಿಗೆ ಅಮೆರಿಕದ ಪ್ರವಾಸಿ ವೀಸಾ ನಿರಾಕರಿಸಲಾಗಿತ್ತು. ಅದನ್ನು ಅರ್ಜಿಯಲ್ಲಿ ತೋರಿಸುವುದು ಬೇಡ ಎಂದಿದ್ದಾರೆ. ಆನ್‌ಲೈನ್ ಖಾತೆ ಮತ್ತು ಪಾಸ್‌ವರ್ಡ್ ತಮ್ಮ ಬಳಿಯೇ ಇರುತ್ತವೆ ಎಂದೂ ಹೇಳಿದ್ದಾರೆ. ಇವರಿಗೆ ಲೈಸೆನ್ಸ್ ಇದೆಯೇ ಎಂದು ತಿಳಿಯುವುದು ಹೇಗೆ? ಮುಂಗಡ ಕೊಡಬಹುದೇ?
– ಒಬ್ಬ ತಂದೆ, ದಾವಣಗೆರೆ

ಉತ್ತರ: ದಯವಿಟ್ಟು ಮುಂಗಡ ಕೊಡಬೇಡಿ. ನೀವು ಬರೆದಿರುವ ಒಂದೊಂದು ಮಾತೂ ಆ ಕಚೇರಿಯಿಂದ ದೂರ ಉಳಿಯಲು ಸಾಕಷ್ಟು ಕಾರಣ ಒದಗಿಸುತ್ತದೆ.

ಮೊದಲು ಲೈಸೆನ್ಸಿನ ವಿಚಾರ. ಹಣ ಪಡೆದು ವಲಸೆ ಸಲಹೆ ನೀಡುವ, ಅರ್ಜಿದಾರರ ಪರವಾಗಿ ವ್ಯವಹರಿಸುವ ಅಧಿಕಾರ ಯಾರಿಗಿದೆ ಎಂಬುದನ್ನು ಕೆನಡಾದ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆಯ 91ನೇ ಸೆಕ್ಷನ್ ನಿಗದಿಪಡಿಸಿದೆ. ಅಲ್ಲಿನ ಪ್ರಾಂತ್ಯಗಳ ವಕೀಲರ ಸಂಘಗಳ ಸದಸ್ಯರು, ಕ್ವಿಬೆಕ್ ಪ್ರಾಂತ್ಯದ ನೋಟರಿಗಳು ಮತ್ತು ಕಾಲೇಜ್ ಆಫ್ ಇಮಿಗ್ರೇಷನ್ ಆ್ಯಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್ ಎಂಬ ನಿಯಂತ್ರಣ ಸಂಸ್ಥೆಯ ಲೈಸೆನ್ಸ್ ಪಡೆದವರು, ಇಷ್ಟೇ ಮಂದಿಗೆ ಆ ಅಧಿಕಾರ. ಹೆಸರಿನಲ್ಲಿ ಕಾಲೇಜ್ ಎಂದಿದ್ದರೂ ಇದು ಪಾಠ ಹೇಳುವ ಕಾಲೇಜಲ್ಲ. 2021ರ ನವೆಂಬರಿನಲ್ಲಿ ಕಾರ್ಯಾರಂಭ ಮಾಡಿದ ಶಾಸನಬದ್ಧ ಸಂಸ್ಥೆ. ಇದರ ಲೈಸೆನ್ಸ್ ಪಡೆದ ಸಲಹೆಗಾರರನ್ನು ಆರ್‌ಸಿಐಸಿ ಎನ್ನುತ್ತಾರೆ. ಪ್ರತಿಯೊಬ್ಬರಿಗೂ ‘ಆರ್’ ಅಕ್ಷರದಿಂದ ಆರಂಭವಾಗುವ ಸದಸ್ಯತ್ವ ಸಂಖ್ಯೆ ಇರುತ್ತದೆ ಮತ್ತು ಸಂಸ್ಥೆಯ ಜಾಲತಾಣದಲ್ಲಿರುವ ಸಾರ್ವಜನಿಕ ರಿಜಿಸ್ಟರಿನಲ್ಲಿ ಅವರ ಹೆಸರು, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಅಥವಾ ಅಮಾನತಾಗಿದೆಯೇ ಎಂಬ ವಿವರ ಯಾರಿಗಾದರೂ ಉಚಿತವಾಗಿ ನೋಡಸಿಗುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳು ಬೇಕು. ಲೈಸೆನ್ಸ್ ವ್ಯಕ್ತಿಗೆ ಸಿಗುತ್ತದೆಯೇ ಹೊರತು ನಾಮಫಲಕಕ್ಕಲ್ಲ. ಕಚೇರಿಯ ಗೋಡೆಗೆ ಫ್ರೇಮ್ ಹಾಕಿ ತೂಗುಹಾಕಿದ ಜಿಎಸ್‌ಟಿ ನೋಂದಣಿ ಪತ್ರ, ಮಹಾನಗರ ಪಾಲಿಕೆಯ ವ್ಯಾಪಾರ ಪರವಾನಗಿ, ಕಂಪನಿ ನೋಂದಣಿಯ ಪ್ರಮಾಣಪತ್ರ, ಯಾವುದೋ ವಿದೇಶಿ ಕಾಲೇಜು ನೀಡಿದ ಪ್ರಶಸ್ತಿಪತ್ರ, ಇವುಗಳಲ್ಲಿ ಒಂದೂ ವಲಸೆ ಸಲಹೆಯ ಲೈಸೆನ್ಸ್ ಅಲ್ಲ. ಎರಡನೆಯದಾಗಿ, ನಿಜವಾದ ಸಲಹೆಗಾರರೊಬ್ಬರ ಹೆಸರನ್ನೂ ಸಂಖ್ಯೆಯನ್ನೂ ಕದ್ದು ತಮ್ಮದೆಂದು ತೋರಿಸುವವರಿದ್ದಾರೆ. ಆದ್ದರಿಂದ ಏಜೆಂಟರು ಕೊಟ್ಟ ಮೊಬೈಲ್ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ರಿಜಿಸ್ಟರಿನಲ್ಲಿ ನಮೂದಾಗಿರುವ ವಿಳಾಸಕ್ಕೇ ಇಮೇಲ್ ಕಳುಹಿಸಿ, ‘ದಾವಣಗೆರೆಯ ಈ ಕಚೇರಿ ನಿಮ್ಮ ಪರವಾಗಿ ಕೆಲಸ ಮಾಡುತ್ತಿದೆಯೇ, ನನ್ನ ಮಗಳ ಅರ್ಜಿಗೆ ನೀವೇ ಪ್ರತಿನಿಧಿಯಾಗಿ ಸಹಿ ಮಾಡುವಿರಾ’ ಎಂದು ನೇರವಾಗಿ ಕೇಳಿ. ಲೈಸೆನ್ಸ್ ಇರುವವರು ಸೇವೆಯ ವಿವರ ಮತ್ತು ಶುಲ್ಕವನ್ನು ಬರೆದ ಕರಾರುಪತ್ರವನ್ನು ತಾವೇ ಸಹಿ ಮಾಡಿ ಕೊಡಬೇಕು. ಕರಾರುಪತ್ರ ಕೊಡಲು ಹಿಂಜರಿಯುವವರೊಡನೆ ಮಾತು ಮುಂದುವರಿಸಬೇಡಿ.

ಕಾಲೇಜಿನ ಪ್ರವೇಶಕ್ಕೆ ನೆರವಾಗುವ ಶಿಕ್ಷಣ ಏಜೆಂಟರ ಬಗ್ಗೆ ಅನೇಕ ಪೋಷಕರಲ್ಲಿ ಗೊಂದಲವಿದೆ. ಕಾಲೇಜಿಗೆ ಅರ್ಜಿ ತುಂಬಲು ಅವರು ಸಹಾಯ ಮಾಡಬಹುದು, ಅದಕ್ಕೆ ಬಹುಪಾಲು ಕಾಲೇಜುಗಳಿಂದಲೇ ಅವರಿಗೆ ಕಮಿಷನ್ ಬರುತ್ತದೆ. ಆದರೆ ವೀಸಾ ಅರ್ಜಿಯಲ್ಲಿ ಏನು ಬರೆಯಬೇಕು, ಯಾವ ದಾಖಲೆ ಲಗತ್ತಿಸಬೇಕು ಎಂದು ಹಣ ಪಡೆದು ಸಲಹೆ ಕೊಡುವುದು ಬೇರೆಯೇ ಕೆಲಸ. ಅದಕ್ಕೆ ಮೇಲೆ ಹೇಳಿದ ಲೈಸೆನ್ಸ್ ಬೇಕು.

ಎಸ್‌ಡಿಎಸ್ ಮಾತಿಗೆ ಬಂದರೆ, ವಿದ್ಯಾರ್ಥಿಗಳ ಅರ್ಜಿಯನ್ನು ತ್ವರಿತವಾಗಿ ಇತ್ಯರ್ಥಪಡಿಸುತ್ತಿದ್ದ ಆ ವಿಭಾಗವನ್ನು ಕೆನಡಾ ಸರ್ಕಾರ 2024ರ ನವೆಂಬರ್ 8ರಂದೇ ಮುಚ್ಚಿದೆ. ಇಲ್ಲದ ವಿಭಾಗದಲ್ಲಿ ಅರ್ಜಿ ಹಾಕುತ್ತೇನೆ ಎನ್ನುವವರು ಒಂದೋ ನಿಯಮ ತಿಳಿಯದವರು, ಇಲ್ಲವೇ ತಿಳಿದೂ ನಿಮ್ಮನ್ನು ನಂಬಿಸಲು ಹೊರಟವರು. ಎರಡರಲ್ಲಿ ಯಾವುದಾದರೂ ನಷ್ಟ ನಿಮ್ಮ ಮಗಳಿಗೇ. ಗ್ಯಾರಂಟಿಯ ಮಾತೂ ಅಂಥದ್ದೇ. ವೀಸಾ ಕೊಡುವ, ಬಿಡುವ ತೀರ್ಮಾನ ಕೆನಡಾದ ವಲಸೆ ಅಧಿಕಾರಿಯದು ಮಾತ್ರ. ಲೈಸೆನ್ಸ್ ಪಡೆದ ಯಾವ ಸಲಹೆಗಾರರೂ ಫಲಿತಾಂಶದ ಭರವಸೆ ಕೊಡುವಂತಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಅಪಾಯಕಾರಿಯಾದದ್ದು ಅಮೆರಿಕದ ನಿರಾಕರಣೆಯನ್ನು ಮುಚ್ಚಿಡುವ ಸಲಹೆ. ಕೆನಡಾಕ್ಕೆ ಅಥವಾ ಬೇರೆ ಯಾವುದೇ ದೇಶಕ್ಕೆ ವೀಸಾ ನಿರಾಕರಿಸಲಾಗಿದೆಯೇ ಎಂಬ ನೇರ ಪ್ರಶ್ನೆ ಅರ್ಜಿಯಲ್ಲೇ ಇದೆ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಸರ್ಕಾರಗಳು ವಲಸೆ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುತ್ತವೆ, ಬೆರಳಚ್ಚುಗಳನ್ನು ತಾಳೆ ನೋಡುತ್ತವೆ. ‘ಇಲ್ಲ’ ಎಂದು ಬರೆದದ್ದು ಸುಳ್ಳೆಂದು ಕಂಡುಬಂದರೆ ಕಾಯ್ದೆಯ 40ನೇ ಸೆಕ್ಷನ್ ಅನ್ವಯ ಐದು ವರ್ಷ ಕೆನಡಾ ಪ್ರವೇಶ ನಿಷೇಧ. ಆ ಅವಧಿಯಲ್ಲಿ ಅಲ್ಲಿನ ಕಾಯಂ ನಿವಾಸಕ್ಕೂ ಅರ್ಜಿ ಹಾಕುವಂತಿಲ್ಲ. ನೇರವಾಗಿ ಆಗಲಿ, ಪರೋಕ್ಷವಾಗಿ ಆಗಲಿ ತಪ್ಪು ಮಾಹಿತಿ ಕೊಟ್ಟವರು ಎಂದು ಆ ಸೆಕ್ಷನ್ ಹೇಳುತ್ತದೆ. ಪರೋಕ್ಷವಾಗಿ ಎಂಬ ಆ ಪದದೊಳಗೆ ಏಜೆಂಟರು ಬರೆದ ಸುಳ್ಳೂ ಸೇರುತ್ತದೆ, ಅದರ ಶಿಕ್ಷೆ ಮಾತ್ರ ಅರ್ಜಿದಾರರಿಗೆ. ಹಿಂದಿನ ನಿರಾಕರಣೆಯನ್ನು ಒಪ್ಪಿಕೊಂಡು ಅದರ ಕಾರಣವನ್ನು ನಾಲ್ಕು ಸಾಲಿನಲ್ಲಿ ವಿವರಿಸಿದರೆ ಅಷ್ಟರಿಂದಲೇ ಅರ್ಜಿ ಬಿದ್ದುಹೋಗುವುದಿಲ್ಲ. ನಿಮ್ಮ ಮಗಳಿಗೆ ಈಗ ಇರುವುದು ವಿವರಿಸಬಹುದಾದ ಒಂದು ಸಣ್ಣ ತೊಡಕು ಅಷ್ಟೇ. ಮುಚ್ಚಿಟ್ಟರೆ ಅವಳ ವಯಸ್ಸಿನ ಅತ್ಯಂತ ಅಮೂಲ್ಯವಾದ ಐದು ವರ್ಷಗಳು ಅದಕ್ಕೆ ಬಲಿಯಾದಾವು.

ಖಾತೆಯನ್ನು ಅವಳ ಸ್ವಂತ ಇಮೇಲ್‌ನಿಂದಲೇ ತೆರೆಯಿರಿ. ಯಾರ ನೆರವು ಪಡೆದರೂ, ಸಲ್ಲಿಸುವ ಮುನ್ನ ಪ್ರತಿ ಪುಟವನ್ನೂ ಅವಳೇ ಓದಲಿ, ಸಲ್ಲಿಸಿದ ಪ್ರತಿಯನ್ನು ಅವಳೇ ಇಟ್ಟುಕೊಳ್ಳಲಿ. ಪ್ರತಿನಿಧಿಯ ನೆರವು ಪಡೆದಿದ್ದರೆ ಐಎಂಎಂ 5476 ಎಂಬ ನಮೂನೆಯಲ್ಲಿ ಅದನ್ನು ಘೋಷಿಸಬೇಕು. ಲೈಸೆನ್ಸ್ ಇಲ್ಲದವರು ಈ ನಮೂನೆಯನ್ನು ತುಂಬದೆ, ಅರ್ಜಿದಾರರೇ ಎಲ್ಲವನ್ನೂ ಮಾಡಿದಂತೆ ತೋರಿಸಿ ಹಿಂದೆ ಸರಿದುಬಿಡುತ್ತಾರೆ.

ಹಣದ ಲೆಕ್ಕವನ್ನೂ ತಿಳಿದಿರಿ. ವಿದ್ಯಾರ್ಥಿ ಪರವಾನಗಿಯ ಸರ್ಕಾರಿ ಶುಲ್ಕ 150 ಕೆನಡಿಯನ್ ಡಾಲರ್, ಬೆರಳಚ್ಚು ಮತ್ತು ಭಾವಚಿತ್ರಕ್ಕೆ 85 ಡಾಲರ್. ಅರ್ಜಿ ನಮೂನೆಗಳು ಉಚಿತ. ಬೋಧನಾ ಶುಲ್ಕ ಮತ್ತು ಪ್ರಯಾಣ ವೆಚ್ಚದ ಹೊರತಾಗಿ, 2025ರ ಸೆಪ್ಟೆಂಬರ್ 1ರಿಂದ ಒಬ್ಬ ವಿದ್ಯಾರ್ಥಿ ವಾರ್ಷಿಕ ಜೀವನವೆಚ್ಚಕ್ಕಾಗಿ 22,895 ಡಾಲರ್ ತೋರಿಸಬೇಕು. ಆದರೆ ಅದು ಅವಳದೇ ಹಣ, ಯಾರಿಗೂ ಕೊಡಬೇಕಾದ ಶುಲ್ಕವಲ್ಲ. ಕಾಲೇಜಿನ ಪ್ರವೇಶ ಪತ್ರದ ಜೊತೆಗೆ ಪ್ರಾಂತೀಯ ಸರ್ಕಾರದ ದೃಢೀಕರಣ ಪತ್ರವೂ ಅನೇಕ ಕೋರ್ಸ್‌ಗಳಿಗೆ ಬೇಕಾಗುತ್ತದೆ. ಅವಳ ಕೋರ್ಸಿಗೆ ಅದು ಅಗತ್ಯವೇ ಎಂಬುದನ್ನು ಕಾಲೇಜಿನಿಂದಲೇ ಕೇಳಿ ತಿಳಿಯಿರಿ. ಎಂಜಿನಿಯರಿಂಗ್ ಓದಿದ ಮಗಳು ಈ ಅರ್ಜಿಯನ್ನು ಯಾರ ಹಂಗೂ ಇಲ್ಲದೆ ತಾನೇ ಸಲ್ಲಿಸಬಲ್ಲಳು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಏಜೆಂಟರ ಮೂಲಕ ಕೆನಡಾಕ್ಕೆ ಅರ್ಜಿ ಹಾಕಿದ್ದೆ. ನಾನು ಎಂದೂ ಕೆಲಸ ಮಾಡಿರದ ಕಂಪನಿಯೊಂದರ ಅನುಭವ ಪತ್ರವನ್ನು ಅವರು ನನಗೆ ತಿಳಿಸದೆ ಅರ್ಜಿಯಲ್ಲಿ ಸೇರಿಸಿದ್ದಾರೆ. ಆ ಪತ್ರದ ಬಗ್ಗೆ ಸಂದೇಹವಿದೆ, ವಿವರಣೆ ಕೊಡಿ ಎಂದು ವಲಸೆ ಇಲಾಖೆಯಿಂದ ಗಡುವು ಹಾಕಿದ ನೋಟಿಸ್ ಬಂದಿದೆ. ಏಜೆಂಟರು ಅದಕ್ಕೆ ಉತ್ತರಿಸಬೇಡ, ಹೊಸ ಪಾಸ್‌ಪೋರ್ಟ್ ಮಾಡಿಸಿ ಹೊಸ ಅರ್ಜಿ ಹಾಕೋಣ ಎನ್ನುತ್ತಿದ್ದಾರೆ. ನಾನು ನಿರಪರಾಧಿ. ಏನು ಮಾಡಲಿ?
– ಹೆಸರು ಬೇಡ, ಮೈಸೂರು

ಉತ್ತರ: ಗಡುವಿನೊಳಗೆ ಉತ್ತರಿಸಲೇಬೇಕು. ಅಧಿಕಾರಿ ತೀರ್ಮಾನ ಕೈಗೊಳ್ಳುವ ಮುನ್ನ ನಿಮ್ಮ ಮಾತು ಕೇಳಲು ಕೊಡುವ ಅವಕಾಶವೇ ಆ ನೋಟಿಸ್. ಅದಕ್ಕೆ ಮೌನವೇ ಉತ್ತರವಾದರೆ, ಸಂದೇಹವನ್ನು ಅಲ್ಲಗಳೆಯುವ ಒಂದು ದಾಖಲೆಯೂ ಕಡತದಲ್ಲಿ ಇರುವುದಿಲ್ಲ. ಹೊಸ ಪಾಸ್‌ಪೋರ್ಟಿನ ಸಲಹೆ ನಿಮ್ಮನ್ನು ಇನ್ನಷ್ಟು ಆಳಕ್ಕೆ ತಳ್ಳುವಂಥದ್ದು, ಏಕೆಂದರೆ ಪಾಸ್‌ಪೋರ್ಟ್ ಸಂಖ್ಯೆ ಬದಲಾದರೂ ಬೆರಳಚ್ಚು ಬದಲಾಗುವುದಿಲ್ಲ.

ನಿರಪರಾಧಿ ಎಂಬ ಮಾತು ನಿಮ್ಮ ಮನಸ್ಸಿಗೆ ಸಮಾಧಾನ ಕೊಡಬಹುದು, ಆದರೆ ಕೆನಡಾದ ಕಾನೂನಿನಲ್ಲಿ ಅದರ ಬಲ ಕಡಿಮೆ. ಅರ್ಜಿಯಲ್ಲಿರುವ ಎಲ್ಲ ಮಾಹಿತಿಗೂ ಅರ್ಜಿದಾರನೇ ಹೊಣೆ ಎಂದು ಅಲ್ಲಿನ ಫೆಡರಲ್ ನ್ಯಾಯಾಲಯ ಮತ್ತೆ ಮತ್ತೆ ಹೇಳಿದೆ. ಏಜೆಂಟರು ನನಗೆ ತಿಳಿಸದೆ ಮಾಡಿದರು ಎಂಬ ವಾದ ಬಹಳ ಅಪರೂಪದ ಸಂದರ್ಭಗಳಲ್ಲಿ ಮಾತ್ರ ನಿಲ್ಲುತ್ತದೆ. ಆದ್ದರಿಂದ ಸಾಕ್ಷ್ಯ ಬೇಕು. ಏಜೆಂಟರಿಗೆ ನೀವು ಕಳುಹಿಸಿದ ನಿಜವಾದ ದಾಖಲೆಗಳು, ವಾಟ್ಸ್‌ಆ್ಯಪ್ ಸಂದೇಶಗಳು, ಹಣ ಕೊಟ್ಟ ಬ್ಯಾಂಕ್ ವಿವರ ಎಲ್ಲವನ್ನೂ ಜೋಡಿಸಿಕೊಂಡು, ಲೈಸೆನ್ಸ್ ಪಡೆದ ಆರ್‌ಸಿಐಸಿ ಅಥವಾ ಕೆನಡಾದ ವಕೀಲರನ್ನು ಈ ವಾರವೇ ಸಂಪರ್ಕಿಸಿ, ಅವರ ಮೂಲಕ ಉತ್ತರ ಸಲ್ಲಿಸಿ. ಗಡುವು ಸಾಲದಿದ್ದರೆ ಹೆಚ್ಚಿನ ಸಮಯ ಕೋರಿ ಬರೆಯಲಿ. ನಿಮ್ಮ ಠಾಣೆಯಲ್ಲಿ ಏಜೆಂಟರ ವಿರುದ್ಧ ದೂರು ದಾಖಲಿಸುವುದೂ ಮುಖ್ಯ. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್, ಖೋಟಾ ದಾಖಲೆಗೆ 336ನೇ ಸೆಕ್ಷನ್ ಅನ್ವಯಿಸುತ್ತದೆ. ತಪ್ಪು ತಿಳಿದ ಕೂಡಲೇ ನೀವು ಸುಮ್ಮನಿರಲಿಲ್ಲ ಎಂಬುದಕ್ಕೆ ಆ ದೂರಿನ ಪ್ರತಿ ಪುರಾವೆಯಾಗುತ್ತದೆ.

2023ರಲ್ಲಿ ಬೆಳಕಿಗೆ ಬಂದ ಒಂದು ಪ್ರಕರಣವನ್ನು ಇಲ್ಲಿ ವಿವರವಾಗಿ ಹೇಳುವುದು ಅಗತ್ಯವೆನಿಸುತ್ತದೆ, ಏಕೆಂದರೆ ಲೈಸೆನ್ಸ್ ಇಲ್ಲದ ಏಜೆಂಟರು ಹೇಗೆ ಕೆಲಸ ಮಾಡುತ್ತಾರೆಂಬುದು ಅದರಲ್ಲಿ ಪೂರ್ತಿಯಾಗಿ ಕಾಣುತ್ತದೆ. ಪಂಜಾಬಿನ ಜಲಂಧರಿನಲ್ಲಿ ಕಚೇರಿ ಇಟ್ಟುಕೊಂಡಿದ್ದ ಏಜೆಂಟನೊಬ್ಬ ಕೆನಡಾದ ಸರ್ಕಾರಿ ಕಾಲೇಜುಗಳ ಹೆಸರಿನಲ್ಲಿ ಖೋಟಾ ಪ್ರವೇಶ ಪತ್ರಗಳನ್ನು ಸೃಷ್ಟಿಸಿ ವಿದ್ಯಾರ್ಥಿಗಳಿಗೆ ಕೊಟ್ಟಿದ್ದ. ಅವುಗಳ ಆಧಾರದ ಮೇಲೆ ವೀಸಾ ಸಿಕ್ಕಿತು. ವಿದ್ಯಾರ್ಥಿಗಳು ಅಲ್ಲಿಗೆ ತಲುಪಿದ ಮೇಲೆ, ಆ ಕಾಲೇಜಿನಲ್ಲಿ ಸೀಟು ಭರ್ತಿಯಾಗಿದೆ, ಬೇರೆ ಕಾಲೇಜಿಗೆ ಸೇರಿಕೊಳ್ಳಿ ಎಂದು ಹೇಳಿಸಿದ. ಅವರಲ್ಲಿ ಅನೇಕರು ಹಾಗೆಯೇ ಸೇರಿ, ಓದಿ, ಕೆಲಸಕ್ಕೂ ಸೇರಿದರು. ವರ್ಷಗಳ ನಂತರ ಕಾಯಂ ನಿವಾಸಕ್ಕೆ ಅರ್ಜಿ ಹಾಕಿದಾಗ ಹಳೆಯ ಪ್ರವೇಶ ಪತ್ರ ಖೋಟಾ ಎಂದು ಗೊತ್ತಾಗಿ ಗಡೀಪಾರಿನ ನೋಟಿಸ್ ಬಂತು. ಅರ್ಜಿಗಳಲ್ಲಿ ಏಜೆಂಟನ ಸಹಿ ಇರಲಿಲ್ಲ. ಕಾಗದದ ಮೇಲೆ ವಿದ್ಯಾರ್ಥಿಗಳೇ ಸ್ವತಃ ಅರ್ಜಿ ಹಾಕಿದ್ದರು. ಅವರ ಪ್ರತಿಭಟನೆಯ ನಂತರ 2023ರ ಜೂನ್‌ನಲ್ಲಿ ಆಗಿನ ವಲಸೆ ಸಚಿವ ಶಾನ್ ಫ್ರೇಸರ್ ಗಡೀಪಾರನ್ನು ತಡೆಹಿಡಿದು, ಪ್ರತಿ ಪ್ರಕರಣವನ್ನೂ ಬೇರೆಬೇರೆಯಾಗಿ ಪರಿಶೀಲಿಸಲು ಕಾರ್ಯಪಡೆಯೊಂದನ್ನು ರಚಿಸಿದರು. ಅದೇ ವರ್ಷದ ಡಿಸೆಂಬರ್ 1ರಿಂದ ಪ್ರತಿ ಪ್ರವೇಶ ಪತ್ರವನ್ನೂ ಆಯಾ ಕಾಲೇಜು ವಲಸೆ ಇಲಾಖೆಗೆ ನೇರವಾಗಿ ದೃಢಪಡಿಸಬೇಕೆಂಬ ನಿಯಮ ಬಂತು. ಏಜೆಂಟನಿಗೆ ಕೆನಡಾದ ನ್ಯಾಯಾಲಯ 2024ರಲ್ಲಿ ಮೂರು ವರ್ಷ ಜೈಲು ಶಿಕ್ಷೆ ವಿಧಿಸಿತು. ಆದರೆ ಸರ್ಕಾರದ ಆ ವಿಶೇಷ ಪರಿಶೀಲನೆ ಅವರ ಸಂಕಟಕ್ಕೆ ಸಿಕ್ಕ ವಿನಾಯಿತಿಯೇ ಹೊರತು ನಿಮ್ಮಂಥ ಎಲ್ಲರಿಗೂ ಸಿಗುವ ಹಕ್ಕಲ್ಲ. ಅದನ್ನು ನೆಚ್ಚಿಕೊಂಡು ಕಾಯಬೇಡಿ.

ಪ್ರಶ್ನೆ: ನನ್ನ ತಮ್ಮ ಎಸ್‌ಎಸ್‌ಎಲ್‌ಸಿ ಪಾಸಾಗಿಲ್ಲ. ಊರಿನ ಪರಿಚಯದವರೊಬ್ಬರು ಕುವೈತ್‌ನಲ್ಲಿ ಸೂಪರ್‌ಮಾರ್ಕೆಟ್ ಕೆಲಸ ಕೊಡಿಸುವುದಾಗಿ ಹೇಳಿ 1.20 ಲಕ್ಷ ರೂಪಾಯಿ ಕೇಳಿದ್ದಾರೆ. ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸದ ವೀಸಾಕ್ಕೆ ಬದಲಿಸಿಕೊಳ್ಳಬಹುದು ಎನ್ನುತ್ತಾರೆ. ನಮ್ಮ ಕಡೆಯಿಂದ ಎಷ್ಟೋ ಜನ ಹೀಗೆ ಹೋಗಿ ಚೆನ್ನಾಗಿದ್ದಾರೆ. ಹಣ ಕೊಡಬಹುದೇ?
– ಒಬ್ಬ ಸಹೋದರಿ, ಕುಂದಾಪುರ

ಉತ್ತರ: ಈ ರೀತಿಯಲ್ಲಿ ಹೋಗುವುದು ಬೇಡ. ಕರಾವಳಿಯ ಎಷ್ಟೋ ಮನೆಗಳು ಕೊಲ್ಲಿ ರಾಷ್ಟ್ರಗಳ ದುಡಿಮೆಯಿಂದ ನೆಲೆ ಕಂಡಿವೆ ಎಂಬುದು ನಿಜ, ಹಾಗಾಗಿಯೇ ‘ಪರಿಚಯದವರು’ ಎಂಬ ಒಂದು ಮಾತಿಗೆ ನಮ್ಮಲ್ಲಿ ಇಷ್ಟು ಬೆಲೆ. ಆದರೆ 2019ರಲ್ಲಿ ಮಂಗಳೂರು ಭಾಗದ ಮೂವತ್ತಕ್ಕೂ ಹೆಚ್ಚು ಯುವಕರು ಇದೇ ಕುವೈತ್‌ನಲ್ಲಿ, ಹೇಳಿದ ಕೆಲಸವೂ ಸಂಬಳವೂ ಇಲ್ಲದೆ ಸಿಕ್ಕಿಕೊಂಡು, ವಿಡಿಯೊ ಮೂಲಕ ನೆರವು ಕೇಳಿದ್ದನ್ನು ನೀವೂ ಕೇಳಿರಬಹುದು.

ನಿಮ್ಮ ತಮ್ಮನದು ಇಸಿಆರ್ ಪಾಸ್‌ಪೋರ್ಟ್, ಅಂದರೆ ಉದ್ಯೋಗಕ್ಕೆ ಹೋಗುವ ಮುನ್ನ ಸರ್ಕಾರದ ವಲಸೆ ತಪಾಸಣೆ ಬೇಕಾದ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್) ಪಾಸ್‌ಪೋರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಹತ್ತನೇ ತರಗತಿ ಪಾಸಾಗದವರು ಕುವೈತ್, ಸೌದಿ ಅರೇಬಿಯಾ, ಯುಎಇ, ಕತಾರ್, ಒಮಾನ್, ಬಹ್ರೇನ್, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕಾಗಿ ಹೋಗಬೇಕಾದರೆ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಯ ಅನುಮತಿ ಬೇಕು. ಅಂಥ ಕಚೇರಿ ಬೆಂಗಳೂರಿನಲ್ಲೂ ಇದೆ. ಅನುಮತಿ ಕೊಡುವಾಗ ಉದ್ಯೋಗದಾತರು ಯಾರು, ಸಂಬಳ ಎಷ್ಟು, ಕರಾರು ಏನು ಎಂಬುದು ಸರ್ಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ಪ್ರವಾಸಕ್ಕೆ ಹೋಗುವವರಿಗೆ ಈ ಅನುಮತಿಯ ಅಗತ್ಯವಿಲ್ಲ. ಈ ಸಡಿಲಿಕೆಯನ್ನೇ ಹಿಡಿದುಕೊಂಡು ಏಜೆಂಟರು ವಿಸಿಟ್ ವೀಸಾದ ದಾರಿ ತೋರಿಸುತ್ತಾರೆ. ಹಾಗೆ ಹೋದ ನಿಮ್ಮ ತಮ್ಮ ಯಾವ ಕಂಪನಿಗೆ, ಯಾವ ಸಂಬಳಕ್ಕೆ ಹೋದನೆಂಬುದಕ್ಕೆ ಭಾರತದಲ್ಲಿ ಒಂದು ಕಾಗದವೂ ಉಳಿಯುವುದಿಲ್ಲ. ಅಲ್ಲಿ ಅವನು ದುಡಿದರೆ ಅದೇ ಅಪರಾಧವಾಗುತ್ತದೆ. ಕೆಲಸದ ವೀಸಾ ಎಂದು ಕೈಗೆ ಬಂದರೂ ಅದರ ಬಗೆಯನ್ನು ನೋಡಬೇಕು. ಕುವೈತ್‌ನಲ್ಲಿ ಖಾಸಗಿ ಕಂಪನಿಯ ಕೆಲಸಕ್ಕೆ 18ನೇ ವಿಧಿಯ ವೀಸಾ, ಮನೆಕೆಲಸಕ್ಕೆ 20ನೇ ವಿಧಿಯ ವೀಸಾ. ಅಂಗಡಿಯ ಕೆಲಸವೆಂದು ಹೇಳಿ 20ರಲ್ಲಿ ಕಳುಹಿಸಿದರೆ, ಅಲ್ಲಿ ಇಳಿದ ಮೇಲೆ ಯಾವುದೋ ಮನೆಯಲ್ಲಿ ಅಥವಾ ಮರುಭೂಮಿಯಲ್ಲಿ ಒಂಟೆ, ಕುರಿ ಕಾಯುವ ಕೆಲಸಕ್ಕೆ ದೂಡಲ್ಪಡುವ ಅಪಾಯವಿದೆ.

1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ ವಿದೇಶಿ ಉದ್ಯೋಗಕ್ಕೆ ಜನರನ್ನು ನೇಮಿಸುವವರು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿಕೊಂಡಿರಲೇಬೇಕು. ನೋಂದಾಯಿತ ಏಜೆಂಟರ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿ ಸಿಗುತ್ತದೆ. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕೆ ರಸೀದಿ ಕೊಡಬೇಕು. ನೋಂದಾಯಿತ ಕಂಪನಿಯ ‘ಸಬ್ ಏಜೆಂಟ್’ ಎಂದು ಹಳ್ಳಿಗೆ ಬಂದು ಹಣ ಸಂಗ್ರಹಿಸುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ಆ ಪರಿಚಯದವರನ್ನು ನೋಂದಣಿ ಸಂಖ್ಯೆ ಕೇಳಿ ನೋಡಿ. ಉತ್ತರದಲ್ಲೇ ನಿಮಗೆ ವಿಷಯ ತಿಳಿಯುತ್ತದೆ.

ಸರಿಯಾದ ದಾರಿಯಲ್ಲಿ ಹೋಗುವುದರಿಂದ ಇನ್ನೊಂದು ಪ್ರಯೋಜನವಿದೆ. ಇಸಿಆರ್ ಪಾಸ್‌ಪೋರ್ಟಿನಲ್ಲಿ ಉದ್ಯೋಗಕ್ಕೆ ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯವಾಗಿದ್ದು, ಎರಡು ವರ್ಷಕ್ಕೆ 275 ಅಥವಾ ಮೂರು ವರ್ಷಕ್ಕೆ 375 ರೂಪಾಯಿಯ ಕಂತಿಗೆ, ಅಪಘಾತದಲ್ಲಿ ಮರಣ ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ 10 ಲಕ್ಷ ರೂಪಾಯಿ ವಿಮೆ ದೊರೆಯುತ್ತದೆ. ವಿಸಿಟ್ ವೀಸಾದಲ್ಲಿ ಹೋದವನಿಗೆ ಇದು ಇಲ್ಲ. ಹೆಚ್ಚಿನ ಮಾಹಿತಿಗೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090ಕ್ಕೆ ಕರೆ ಮಾಡಬಹುದು. ತಮ್ಮ ಇನ್ನೂ ಚಿಕ್ಕವನಾದರೆ ಎಸ್‌ಎಸ್‌ಎಲ್‌ಸಿಯನ್ನು ಖಾಸಗಿಯಾಗಿ ಕಟ್ಟಿ ಪಾಸು ಮಾಡಿಸಿ ಎಂದೂ ಹೇಳುವೆ, ಮುಂದೆ ಅವನಿಗೆ ಸಿಗುವ ಕೆಲಸದ ಬಗೆಯೇ ಬದಲಾಗುತ್ತದೆ.

ಪ್ರಶ್ನೆ: ಟೆಲಿಗ್ರಾಮ್‌ನಲ್ಲಿ ಪರಿಚಯವಾದ ಏಜೆಂಟ್ ಒಬ್ಬರು ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ ಕೆಲಸ, ತಿಂಗಳಿಗೆ 80 ಸಾವಿರ ಸಂಬಳ ಎಂದಿದ್ದಾರೆ. ವೀಸಾ ಬೇಕಿಲ್ಲ, ಟಿಕೆಟ್ ಅವರೇ ಕಳುಹಿಸುತ್ತಾರಂತೆ. ಹೋಗಬಹುದೇ?
– ಪದವೀಧರ, ಕಲಬುರಗಿ

ಉತ್ತರ: ಖಂಡಿತ ಹೋಗಬೇಡಿ. ಭಾರತೀಯರಿಗೆ ಥಾಯ್ಲೆಂಡ್ ಪ್ರವಾಸಕ್ಕೆ ಕೊಟ್ಟಿರುವ ವೀಸಾ ವಿನಾಯಿತಿ ಕೆಲಸ ಮಾಡಲು ಕೊಟ್ಟ ಅನುಮತಿಯಲ್ಲ. ಹೀಗೆ ಬ್ಯಾಂಕಾಕ್‌ಗೆ ಇಳಿದ ಯುವಕರನ್ನು ಗಡಿಯ ಮೇ ಸಾಟ್ ಪಟ್ಟಣದ ಕಡೆಯಿಂದ ಮ್ಯಾನ್ಮಾರ್‌ನ ಮ್ಯಾವಡ್ಡಿಗೆ ದಾಟಿಸಿ, ಪಾಸ್‌ಪೋರ್ಟ್ ಕಿತ್ತುಕೊಂಡು, ಕಾವಲಿನ ಕಟ್ಟಡಗಳಲ್ಲಿ ಕೂಡಿಹಾಕಿ, ಆನ್‌ಲೈನ್ ವಂಚನೆಯ ಕೆಲಸ ಮಾಡಿಸಲಾಗುತ್ತದೆ. 2025ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ವಾಯುಪಡೆಯ ವಿಮಾನಗಳಲ್ಲಿ ಅಲ್ಲಿಂದ ಐನೂರಕ್ಕೂ ಹೆಚ್ಚು ಮಂದಿಯನ್ನು ಕರೆತರಬೇಕಾಯಿತು. ಕಾಂಬೋಡಿಯಾ, ಲಾವೋಸ್‌ಗಳಲ್ಲೂ ಇದೇ ದಂಧೆ ನಡೆದಿದೆ.

ನಿಮ್ಮ ಜಿಲ್ಲೆಯ ಯುವಕರ ಅನುಭವವೇ ಕಣ್ಣ ಮುಂದಿದೆ. ಭದ್ರತಾ ಸಿಬ್ಬಂದಿ, ಸಹಾಯಕರ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿಯ ಕೆಲವರು ಉಕ್ರೇನ್ ಯುದ್ಧಭೂಮಿಗೆ ತಳ್ಳಲ್ಪಟ್ಟು, ಹಲವು ತಿಂಗಳ ನಂತರ 2024ರ ಸೆಪ್ಟೆಂಬರಿನಲ್ಲಿ ಮರಳಿದರು. ಅವರೊಡನೆ ಇದೇ ಬಗೆಯಲ್ಲಿ ಹೋದ ಬೇರೆ ರಾಜ್ಯಗಳವರಲ್ಲಿ ಜೀವ ಕಳೆದುಕೊಂಡವರೂ ಇದ್ದಾರೆ. ಇಂಥ ನೇಮಕಾತಿ ನಡೆಸಿದ ವೀಸಾ ಕನ್ಸಲ್ಟೆನ್ಸಿಗಳು ಮತ್ತು ಏಜೆಂಟರ ವಿರುದ್ಧ ಸಿಬಿಐ 2024ರ ಮಾರ್ಚ್‌ನಲ್ಲಿ ಪ್ರಕರಣ ದಾಖಲಿಸಿತು. ಟೆಲಿಗ್ರಾಮ್ ಸಂದೇಶಗಳನ್ನು ಅಳಿಸದೆ, 1930 ಸೈಬರ್ ಸಹಾಯವಾಣಿಗೆ ದೂರು ಕೊಡಿ. ನಿಮ್ಮಂತೆಯೇ ಸಂದೇಶ ಪಡೆದ ಇನ್ನೊಬ್ಬರು ಈ ಹೊತ್ತಿಗೆ ಟಿಕೆಟ್ ಹಿಡಿದು ಹೊರಟಿರಬಹುದು.

ಪ್ರಶ್ನೆ: ನಾನು ಕೆನಡಾದ ಬ್ರಾಂಪ್ಟನ್‌ನಲ್ಲಿದ್ದೇನೆ. ಓದಿನ ನಂತರ ಸಿಕ್ಕ ವರ್ಕ್ ಪರ್ಮಿಟ್ ಕೆಲವೇ ತಿಂಗಳಲ್ಲಿ ಮುಗಿಯಲಿದೆ. ಇಲ್ಲಿನ ಸಲಹೆಗಾರರೊಬ್ಬರು 30 ಸಾವಿರ ಡಾಲರ್ ಕೊಟ್ಟರೆ ಎಲ್‌ಎಂಐಎ ಕೊಡಿಸುತ್ತೇನೆ, ಅದರಿಂದ ಪಿಆರ್ (ಕಾಯಂ ನಿವಾಸ) ಅಂಕ ಹೆಚ್ಚುತ್ತದೆ ಎನ್ನುತ್ತಾರೆ. ಊರಿನಲ್ಲಿ ಅಪ್ಪ ಜಮೀನು ಅಡವಿಡಲು ಸಿದ್ಧರಿದ್ದಾರೆ. ಇವರು ಲೈಸೆನ್ಸ್ ಇರುವವರೇ. ಹಾಗಿದ್ದರೆ ಭಯವಿಲ್ಲ ತಾನೆ?
– ಹಾಸನ ಜಿಲ್ಲೆಯ ಯುವಕ

ಉತ್ತರ: ಜಮೀನು ಅಡವಿಡುವುದನ್ನು ಮೊದಲು ನಿಲ್ಲಿಸಿ, ಇಂದೇ ತಂದೆಯವರಿಗೆ ಫೋನ್ ಮಾಡಿ.

ಲೈಸೆನ್ಸ್ ಇದ್ದ ಮಾತ್ರಕ್ಕೆ ಅಕ್ರಮ ಸಕ್ರಮವಾಗುವುದಿಲ್ಲ. ಸ್ಥಳೀಯವಾಗಿ ಕೆಲಸಗಾರರು ಸಿಗದಿದ್ದಾಗ ವಿದೇಶಿಯರನ್ನು ನೇಮಿಸಿಕೊಳ್ಳಲು ಉದ್ಯೋಗದಾತ ಸರ್ಕಾರದಿಂದ ಪಡೆಯುವ ಒಪ್ಪಿಗೆಯೇ ಎಲ್‌ಎಂಐಎ. ಅದರ ಶುಲ್ಕ ಒಂದು ಹುದ್ದೆಗೆ 1,000 ಡಾಲರ್. ಅದನ್ನು ಉದ್ಯೋಗದಾತನೇ ಕಟ್ಟಬೇಕು, ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ನಿಮ್ಮಿಂದ ಕೇಳುತ್ತಿರುವುದು ಅದರ ಮೂವತ್ತು ಪಟ್ಟು, ಅದೂ ಮಾರಾಟಕ್ಕಿಲ್ಲದ ಒಂದು ಕಾಗದಕ್ಕೆ. ಇನ್ನು ಅಂಕದ ಮಾತು: ಕಾಯಂ ನಿವಾಸದ ಅರ್ಜಿದಾರರನ್ನು ಅಂಕಗಳ ಆಧಾರದಲ್ಲಿ ಆಯ್ಕೆ ಮಾಡುವ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯಲ್ಲಿ ಉದ್ಯೋಗದ ಆಹ್ವಾನಕ್ಕೆ ಸಿಗುತ್ತಿದ್ದ 50 ಅಥವಾ 200 ಹೆಚ್ಚುವರಿ ಅಂಕಗಳನ್ನು ಕೆನಡಾ 2025ರ ಮಾರ್ಚ್ 25ರಿಂದ ತೆಗೆದುಹಾಕಿದೆ. ಈ ಮಾರಾಟ ದಂಧೆಯನ್ನು ತಡೆಯುವುದೇ ಆ ಕ್ರಮದ ಉದ್ದೇಶವಾಗಿತ್ತು. ಇದನ್ನು ತಿಳಿದಿರಲೇಬೇಕಾದ ಸಲಹೆಗಾರ ನಿಮಗೆ ಹಳೆಯ ಲೆಕ್ಕ ತೋರಿಸುತ್ತಿದ್ದಾರೆ.

ಇಲ್ಲದ ಕೆಲಸವನ್ನು ಇದೆಯೆಂದು ತೋರಿಸಿದರೆ, ಸುಳ್ಳು ಮಾಹಿತಿಗೆ ಐದು ವರ್ಷದ ನಿಷೇಧ ಹೇರುವ, ಮೊದಲ ಉತ್ತರದಲ್ಲಿ ಹೇಳಿದ 40ನೇ ಸೆಕ್ಷನ್ ನಿಮಗೂ ಅನ್ವಯಿಸುತ್ತದೆ. ನೀವು ಕೆನಡಾದ ಒಳಗೇ ಇರುವುದರಿಂದ, ದೇಶದಿಂದ ಹೊರಹಾಕುವ ಆದೇಶ ಜಾರಿಯಾದ ದಿನದಿಂದ ಐದು ವರ್ಷದ ಎಣಿಕೆ ಶುರುವಾಗುತ್ತದೆ. ಹೀಗೆ ಹಣ ಕೊಟ್ಟವರು ಮುಂದೆ ಉದ್ಯೋಗದಾತನ ಮಾತಿಗೆ ಎದುರಾಡಲಾರದೆ, ಸಂಬಳದ ಭಾಗವನ್ನು ಅವನಿಗೇ ಹಿಂದಿರುಗಿಸುತ್ತಾ ದುಡಿಯುವ ಸ್ಥಿತಿಗೂ ಬರುತ್ತಾರೆ. ಈಗಾಗಲೇ ಅಂಥ ಶೋಷಣೆಯಲ್ಲಿ ಸಿಕ್ಕಿಕೊಂಡ ಸ್ನೇಹಿತರಿದ್ದರೆ, ಶೋಷಣೆಗೆ ಒಳಗಾದ ಕೆಲಸಗಾರರಿಗೆಂದೇ 2019ರಿಂದ ಇರುವ, ಒಬ್ಬನೇ ಉದ್ಯೋಗದಾತನಿಗೆ ಕಟ್ಟಿಹಾಕದ ಓಪನ್ ವರ್ಕ್ ಪರ್ಮಿಟ್ ಬಗ್ಗೆ ಅವರಿಗೆ ತಿಳಿಸಿ. ಸಲಹೆಗಾರರ ವಿರುದ್ಧ ಅವರಿಗೆ ಲೈಸೆನ್ಸ್ ಕೊಟ್ಟ ನಿಯಂತ್ರಣ ಸಂಸ್ಥೆಗೆ ದೂರು ಕೊಡಬಹುದು, ಕೆನಡಾದ ಗಡಿ ಸೇವಾ ಸಂಸ್ಥೆಯ 1-888-502-9060 ಸಂಖ್ಯೆಗೂ ಮಾಹಿತಿ ನೀಡಬಹುದು. ನಿಮ್ಮ ಪರ್ಮಿಟ್ ಮುಗಿಯುವ ಮುನ್ನ ಉಳಿದಿರುವ ನ್ಯಾಯವಾದ ದಾರಿಗಳೇನು ಎಂಬುದನ್ನು ವಕೀಲರೊಬ್ಬರಲ್ಲಿ ವಿಚಾರಿಸಿ. ಯಾವ ದಾರಿಯೂ ಇಲ್ಲವೆಂದು ಅವರು ಹೇಳಿದರೂ, ದಾಖಲೆಯಲ್ಲಿ ಕಪ್ಪು ಚುಕ್ಕೆ ಇಲ್ಲದೆ ಊರಿಗೆ ಬಂದವರು ಮತ್ತೆ ಅರ್ಜಿ ಹಾಕಬಹುದು.

ಪ್ರಶ್ನೆ: ವೀಸಾ ಆಗಲಿಲ್ಲ. ಕೊಟ್ಟ ಎರಡು ಲಕ್ಷವನ್ನೂ ಹಿಂದಿರುಗಿಸುತ್ತಿಲ್ಲ, ಮೂಲ ಪಾಸ್‌ಪೋರ್ಟ್ ಮತ್ತು ಅಂಕಪಟ್ಟಿಗಳನ್ನೂ ಏಜೆಂಟರು ಇಟ್ಟುಕೊಂಡಿದ್ದಾರೆ. ಪಾಸ್‌ಪೋರ್ಟ್ ಕಳೆದಿದೆ ಎಂದು ಬರೆದುಕೊಟ್ಟು ಹೊಸದು ಮಾಡಿಸಬಹುದೇ?
– ಓದುಗ, ಹುಬ್ಬಳ್ಳಿ

ಉತ್ತರ: ಹಾಗೆ ಬರೆದುಕೊಡಬೇಡಿ. ಕಳೆದಿಲ್ಲದ ಪಾಸ್‌ಪೋರ್ಟನ್ನು ಕಳೆದಿದೆ ಎಂದರೆ ಸುಳ್ಳು ಮಾಹಿತಿ ಕೊಟ್ಟ ಆರೋಪ ನಿಮ್ಮ ಮೇಲೆಯೇ ಬರುತ್ತದೆ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಸ್ವತ್ತು; ಬಾಕಿ ಹಣಕ್ಕಾಗಿಯೋ ಬೆದರಿಸಲೆಂದೋ ಅದನ್ನು ತಡೆಹಿಡಿಯುವ ಹಕ್ಕು ಯಾವ ಏಜೆಂಟರಿಗೂ ಇಲ್ಲ. ಇದನ್ನು ಉಲ್ಲೇಖಿಸಿ, ಏಳು ದಿನಗಳೊಳಗೆ ಪಾಸ್‌ಪೋರ್ಟ್, ಅಂಕಪಟ್ಟಿ ಮತ್ತು ಹಣ ಹಿಂದಿರುಗಿಸುವಂತೆ ಅಂಚೆಯ ಮೂಲಕ ಲಿಖಿತ ನೋಟಿಸ್ ಕಳುಹಿಸಿ. ಅದಕ್ಕೂ ಬಗ್ಗದಿದ್ದರೆ ಠಾಣೆಯಲ್ಲಿ ನಡೆದದ್ದನ್ನು ನಡೆದಂತೆಯೇ ಬರೆದು ದೂರು ಕೊಡಿ, ಅದರ ಪ್ರತಿಯನ್ನು ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೂ ಕಳುಹಿಸಿ.

ಹಣಕ್ಕಾಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಪಾವತಿಸಿದ ಮೊತ್ತ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು, ಆದರೆ ದೂರಿನ ಕಾರಣ ಉಂಟಾದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸಿ ನೋಡುವುದೂ ಒಳ್ಳೆಯದು, ಕೆಲವು ವ್ಯಾಜ್ಯಗಳು ಅಲ್ಲಿಯೇ ಬಗೆಹರಿಯುತ್ತವೆ. ನಗದು ಕೊಟ್ಟು ರಸೀದಿ ಪಡೆಯದಿದ್ದರೆ, ಆ ದಿನ ಬ್ಯಾಂಕಿನಿಂದ ಹಣ ತೆಗೆದ ವಿವರ, ಏಜೆಂಟರು ಹಣ ತಲುಪಿದ್ದನ್ನು ಒಪ್ಪಿಕೊಂಡ ಸಂದೇಶ ಮತ್ತು ನಿಮ್ಮ ಜೊತೆ ಬಂದವರ ಹೇಳಿಕೆಯನ್ನು ಸಾಕ್ಷ್ಯವಾಗಿ ಸೇರಿಸಿ. ಮೊಬೈಲ್ ಬದಲಿಸುವ ಯೋಚನೆ ಇದ್ದರೆ ಪ್ರಕರಣ ಮುಗಿಯುವವರೆಗೂ ಹಳೆಯದನ್ನು ಮಾರಬೇಡಿ, ಮೂಲ ಸಂದೇಶಗಳು ಅದರಲ್ಲಿಯೇ ಇರಲಿ.